ಮಗುವಿನ ಕಿವಿ ಪಕ್ಕ ಸಣ್ಣ ತೂತು ಕಂಡರೆ ಏನು ಮಾಡಬೇಕು

ನನ್ನ ಮಗಳು ಹುಟ್ಟಿ ಹನ್ನೊಂದನೇ ದಿನ. ಮಂಡ್ಯ ಹತ್ತಿರದ ತವರಿನಲ್ಲಿ ಬಾಣಂತನ. ನೀರು ಹಾಕಲು ಬರುತ್ತಿದ್ದ ಅಜ್ಜಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು. ತಲೆಯನ್ನು ಪಕ್ಕಕ್ಕೆ ಹೊರಳಿಸಿದವರು ಹಾಗೇ ಕೈ ನಿಲ್ಲಿಸಿದರು. "ಇದೇನವ್ವ, ಮಗೀನ ಕಿವಿ ತಾವ ತೂತದೆ?" ಅಂದರು.

ಬಗ್ಗಿ ನೋಡಿದೆ. ಬಲಗಿವಿ. ಕಿವಿಯ ಮೇಲಿನ ಅಂಚು ಬಂದು ಕೆನ್ನೆಗೆ ಸೇರುತ್ತಲ್ಲ, ಸರಿಯಾಗಿ ಆ ಜಾಗದಲ್ಲಿ ಸೂಜಿಯಿಂದ ಚುಚ್ಚಿ ತೆಗೆದ ಹಾಗೆ ಒಂದು ಚುಕ್ಕಿ. ಅದರೊಳಗೆ ಎಣ್ಣೆ ಇಳಿದು ಮಿನುಗುತ್ತಿತ್ತು. ಹತ್ತು ದಿನ ಆ ಮಗುವನ್ನು ಎದೆಗೆ ಹಾಕಿಕೊಂಡಿದ್ದೆ, ನನಗೇ ಕಂಡಿರಲಿಲ್ಲ. ಆಸ್ಪತ್ರೆಯಲ್ಲೂ ಯಾರೂ ಹೇಳಿರಲಿಲ್ಲ. ಅಮ್ಮ ಬಂದು ನೋಡಿ ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಗ್ರಹಣದ ದಿನ ಕತ್ತರಿ ಹಿಡಿದಿದ್ದೆ ಅಲ್ವಾ?" ಅಂದಳು.

ಹಿಡಿದಿದ್ದೆ. 2022ರ ದೀಪಾವಳಿಯಲ್ಲಿ ಚತುರ್ದಶಿಗೂ ಬಲಿಪಾಡ್ಯಮಿಗೂ ಮಧ್ಯೆ, ಅಕ್ಟೋಬರ್ 25ರ ಸಂಜೆ ಸೂರ್ಯಗ್ರಹಣ ಬಂದಿತ್ತು. ನನಗೆ ಆಗ ಏಳು ತಿಂಗಳು. ತಲೆನೋವು ತಡೆಯಲಾಗದೆ ಕಾಫಿ ಮಾಡಿಕೊಳ್ಳೋಣ ಅಂತ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದ್ದೆ. ಅಷ್ಟೇ. ಮಗು ಹುಟ್ಟಿದ್ದು ಜನವರಿಯಲ್ಲಿ. ಆ ರಾತ್ರಿ ಇಡೀ ನನ್ನ ಕಣ್ಣ ಮುಂದೆ ಆ ಪ್ಯಾಕೆಟ್ಟಿನ ಮೂಲೆ, ಈ ಕಿವಿಯ ತೂತು, ಎರಡೇ.

ನಿಮ್ಮ ಮಗುವಿನ ಮೈಮೇಲೂ ಇಂಥದ್ದೇನೋ ಕಂಡು ನೀವು ಈಗ ನಿದ್ದೆ ಬಿಟ್ಟು ಕೂತಿದ್ದರೆ, ನಾನು ಕಲಿತದ್ದನ್ನು ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ಆದರೆ ಈ ಒಂದು ತೂತಿನ ಹಿಂದೆ ತಿಂಗಳುಗಟ್ಟಲೆ ಓಡಾಡಿದ್ದೇನೆ, ಕೇಳಿದ್ದೇನೆ, ಬರೆದಿಟ್ಟುಕೊಂಡಿದ್ದೇನೆ.

ಮೊದಲು ಅದರ ಹೆಸರು ತಿಳಿದುಕೊಳ್ಳಿ

ರಾತ್ರಿ ಮೂರು ಗಂಟೆಗೆ ಫೋನಿನಲ್ಲಿ "ಮಗು ಕಿವಿ ತೂತು" ಅಂತ ಹುಡುಕಬೇಡಿ. ನಾನು ಹುಡುಕಿದೆ. ಕೀವು ತುಂಬಿದ ಕಿವಿ, ಆಪರೇಷನ್ ಟೇಬಲ್ಲಿನ ಫೋಟೋ, ಬಾಯಿಗೆ ಬಾರದ ಹೆಸರಿನ ಕಾಯಿಲೆಗಳು, ಇವೇ ಬಂದವು. ಏನೂ ತೊಂದರೆ ಇಲ್ಲದ ಕಿವಿಯ ಫೋಟೋವನ್ನು ಯಾರು ತಾನೇ ಹಾಕುತ್ತಾರೆ?

ಮಗುವನ್ನು ತೋರಿಸಿ ಡಾಕ್ಟರ ಹತ್ತಿರ ಹೆಸರು ಬರೆಸಿಕೊಳ್ಳಿ. ಇದಕ್ಕೆ ಪ್ರೀ ಆರಿಕ್ಯುಲರ್ ಸೈನಸ್ ಅನ್ನುತ್ತಾರೆ. ಕೆಲವರು ಪ್ರೀ ಆರಿಕ್ಯುಲರ್ ಪಿಟ್ ಅಂತಲೂ ಬರೆಯುತ್ತಾರೆ. 1864ರಲ್ಲೇ ಹ್ಯೂಸಿಂಗರ್ ಅನ್ನುವ ಜರ್ಮನ್ ವೈದ್ಯರು ಇದರ ಬಗ್ಗೆ ಬರೆದಿದ್ದರಂತೆ. ಅದನ್ನು ಕೇಳಿದಾಗಲೇ ನನಗೆ ಅರ್ಧ ಧೈರ್ಯ ಬಂತು. ನನ್ನ ಮಗಳಿಗೆ ಮಾತ್ರ ಬಂದದ್ದಲ್ಲ, ಡಾಕ್ಟರುಗಳಿಗೆ ಇದು ನೂರೈವತ್ತು ವರ್ಷಕ್ಕೂ ಹಳೆಯ ಪರಿಚಯ.

ಆ ತೂತು ಕಿವಿಯ ಒಳಗೆ ಹೋಗುವುದಿಲ್ಲ. ಶಬ್ದ ಕೇಳಿಸುವ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಚರ್ಮದ ಕೆಳಗೆ ಸ್ವಲ್ಪ ದೂರ ಹೋಗಿ ನಿಂತುಬಿಡುವ ಸಣ್ಣ ಓಣಿ ಅದು. ಜಾಸ್ತಿ ಜನರಲ್ಲಿ ಅದು ಜೀವನವಿಡೀ ಸುಮ್ಮನೆ ಇದ್ದುಬಿಡುತ್ತದೆ. ಒಂದೇ ಕಿವಿಗೆ ಇರುವುದು ಹೆಚ್ಚು, ಅದರಲ್ಲೂ ಬಲಗಿವಿ. ಎರಡೂ ಕಿವಿಗೆ ಇದ್ದರೆ ವಂಶದಲ್ಲಿ ಬಂದಿರುವ ಸಾಧ್ಯತೆ ಇನ್ನೂ ಜಾಸ್ತಿ.

ಗ್ರಹಣದ ಮಾತು

ಇದಕ್ಕೆ ನಾನು ಸ್ವಲ್ಪ ಜಾಗ ಕೊಡಲೇಬೇಕು. ಯಾಕೆಂದರೆ ನನ್ನನ್ನು ಸುಟ್ಟಿದ್ದು ತೂತಲ್ಲ, ಈ ಮಾತು.

ಹೊಟ್ಟೆಯೊಳಗೆ ಕಿವಿ ಆಗುವುದು ಹೇಗೆ ಅಂತ ಮಕ್ಕಳ ಡಾಕ್ಟರು ನನಗೆ ಹಾಳೆಯ ಮೇಲೆ ಬರೆದು ತೋರಿಸಿದರು. ಮೊದಲು ಆರು ಪುಟ್ಟ ಉಬ್ಬುಗಳು ಬರುತ್ತವೆ. ಅವು ಒಂದಕ್ಕೊಂದು ಕೂಡಿಕೊಂಡು ಹೊರಗಿವಿ ಆಗುತ್ತದೆ. ಕೂಡುವಾಗ ಎಲ್ಲೋ ಒಂದು ಕಡೆ ಸಣ್ಣ ಸಂದು ಉಳಿದರೆ ಅದೇ ಈ ತೂತು. ಕರ್ಜಿಕಾಯಿ ಅಂಚು ಒತ್ತುವಾಗ ಒಂದು ಕಡೆ ಸರಿಯಾಗಿ ಅಂಟಿರುವುದಿಲ್ಲ ನೋಡಿ, ಹಾಗೆ ಅಂತ ನಾನು ಅಮ್ಮನಿಗೆ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು.

ಇದೆಲ್ಲ ನಡೆಯಲು ಶುರುವಾಗುವುದು ಗರ್ಭ ಕಟ್ಟಿದ ಆರನೇ ವಾರದ ಹೊತ್ತಿಗೆ. ಮನೆಗೆ ಬಂದು ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ. ನನ್ನ ಮಗಳಿಗೆ ಆರನೇ ವಾರ ಅಂದರೆ 2022ರ ಮೇ ಕೊನೆ, ಜೂನ್ ಮೊದಲು. ನಾನು ಅನ್ನದ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದ ದಿನಗಳು. ಗ್ರಹಣ ಬಂದದ್ದು ಅಕ್ಟೋಬರ್ ಕೊನೆಗೆ. ಅಷ್ಟೊತ್ತಿಗೆ ಕಿವಿ ಆಗಿ ಮುಗಿದು ತಿಂಗಳುಗಳೇ ಕಳೆದಿದ್ದವು. ನಾನು ಹಾಲಿನ ಪ್ಯಾಕೆಟ್ ಕತ್ತರಿಸಿದ ಸಂಜೆ ಆ ತೂತು ಆಗಲೇ ಅಲ್ಲಿತ್ತು.

ನಿಮ್ಮ ಮೇಲೆ ಯಾರಾದರೂ ಹೀಗೆ ತಪ್ಪು ಹೊರಿಸಿದರೆ ಜಗಳಕ್ಕೆ ಹೋಗಬೇಡಿ. ಕ್ಯಾಲೆಂಡರ್ ತನ್ನಿ. ಮಗು ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿ, ಆ ಅಂಗ ಯಾವ ವಾರದಲ್ಲಿ ಆಗುತ್ತದೆ ಅಂತ ಡಾಕ್ಟರನ್ನು ಕೇಳಿ. ಅಮ್ಮ ಬೆರಳು ಮಡಿಸಿ ತಾನೂ ಎಣಿಸಿ ನೋಡಿದಳು. ಆಮೇಲೆ ಆ ಮಾತು ಮತ್ತೆ ಎತ್ತಲಿಲ್ಲ. ಅವಳು ಕೆಟ್ಟವಳಲ್ಲ. ಅವಳಿಗೂ ಏನೋ ಒಂದು ಕಾರಣ ಬೇಕಿತ್ತು.

ಹಗಲು ಬೆಳಕಿನಲ್ಲಿ ಇಡೀ ಮಗುವನ್ನು ನೋಡಿ

ಒಂದು ಕಡೆ ಏನೋ ಕಂಡರೆ ಅದನ್ನೇ ದಿಟ್ಟಿಸುತ್ತ ಕೂರುತ್ತೇವೆ. ಅದು ಬೇಡ. ಸ್ನಾನಕ್ಕೆ ಮೊದಲು, ಕಿಟಕಿ ಪಕ್ಕ, ಮಗು ಹಾಲು ಕುಡಿದು ಸಮಾಧಾನವಾಗಿ ಇರುವಾಗ ನೆತ್ತಿಯಿಂದ ಅಂಗಾಲಿನ ತನಕ ಒಮ್ಮೆ ನೋಡಿ. ಕಿವಿಯ ತೂತು ಇದ್ದರೆ ಮುಖ್ಯವಾಗಿ ಇವನ್ನು ಗಮನಿಸಿ: ಇನ್ನೊಂದು ಕಿವಿಗೂ ಇದೆಯಾ? ಕಿವಿಯ ಆಕಾರ ಎರಡೂ ಕಡೆ ಒಂದೇ ಥರ ಇದೆಯಾ? ಕಿವಿಯ ಮುಂದೆ ಸಣ್ಣ ಮಾಂಸದ ಗಂಟು ಇದೆಯಾ? ಕತ್ತಿನ ಮಡಿಕೆಗಳನ್ನು ಬಿಡಿಸಿ ನೋಡಿದರೆ ಅಲ್ಲೂ ಇಂಥ ತೂತು ಇದೆಯಾ?

ಕತ್ತಿನದ್ದು ಯಾಕೆ ಅಂದರೆ, ಕಿವಿಯ ತೂತಿನ ಜೊತೆ ಕತ್ತಿನಲ್ಲೂ ತೂತು, ಕಿವಿ ಕೇಳಿಸದಿರುವುದು, ಮೂತ್ರಪಿಂಡದ ತೊಂದರೆ ಇವೆಲ್ಲ ಸೇರಿ ಬರುವ ಒಂದು ಅಪರೂಪದ ಸ್ಥಿತಿ ಇದೆ. ಅದು ವಂಶದಲ್ಲಿ ಬರುತ್ತದೆ. ಡಾಕ್ಟರು ಮೊದಲು ನೋಡುವುದೂ ಅದನ್ನೇ. ನೀವು ಮೊದಲೇ ನೋಡಿಕೊಂಡು ಹೋದರೆ ಅವರ ಪ್ರಶ್ನೆಗೆ ಉತ್ತರ ಸಿದ್ಧ ಇರುತ್ತದೆ.

ಒಂದು ಫೋಟೋ ತೆಗೆದಿಡಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಪ್ರತಿ ತಿಂಗಳು ಅದೇ ಜಾಗದಲ್ಲಿ, ಅದೇ ಕಡೆಯಿಂದ ಇನ್ನೊಂದು. ಹೆದರಿದ ಕಣ್ಣಿಗೆ ದಿನವೂ ದೊಡ್ಡದಾದ ಹಾಗೆ ಕಾಣುತ್ತದೆ, ಫೋಟೋ ಪಕ್ಕ ಪಕ್ಕ ಇಟ್ಟರೆ ನಿಜ ಗೊತ್ತಾಗುತ್ತದೆ. ನಾನು ತಾಯಿ ಕಾರ್ಡಿನ ಹಿಂದೆ ದಿನಾಂಕ ಬರೆದು ಒಂದೇ ಸಾಲು ಗುರುತು ಹಾಕುತ್ತಿದ್ದೆ: ಒಣಗಿದೆ, ಕೆಂಪಿಲ್ಲ, ವಾಸನೆ ಇಲ್ಲ.

ಮನೆಯವರ ಕಿವಿ ನೋಡಿ, "ಕುರ" ಬಗ್ಗೆ ಕೇಳಿ

ಇದು ಯಾರೂ ನನಗೆ ಮೊದಲೇ ಹೇಳಿರದ ಸಂಗತಿ. "ನಿಮ್ಮ ವಂಶದಲ್ಲಿ ಯಾರಿಗಾದರೂ ಇದೆಯಾ?" ಅಂತ ಡಾಕ್ಟರು ಕೇಳಿದರು. ನಾನು ಇಲ್ಲ ಅಂದೆ. ಗಂಡನೂ ಇಲ್ಲ ಅಂದರು. ನಾವು ಸುಳ್ಳು ಹೇಳಲಿಲ್ಲ. ನಮಗೆ ಗೊತ್ತಿರಲಿಲ್ಲ.

ಆ ಭಾನುವಾರ ಅತ್ತೆ, ಮೈದುನ ಮಗು ನೋಡಲು ಬಂದಿದ್ದರು. ಮೈದುನ ಕಿಟಕಿಗೆ ಮುಖ ಮಾಡಿ ಮಗುವನ್ನು ಎತ್ತಿಕೊಂಡು ನಿಂತಿದ್ದ. ಅವನ ಬಲಗಿವಿಯ ಮುಂದೆ, ಕೂದಲಿನ ಅಂಚಿನಲ್ಲಿ ಒಂದು ಸಣ್ಣ ಗಾಯದ ಗೆರೆ. "ಅದೇನಪ್ಪ?" ಅಂದೆ. ಅವನು ಮುಟ್ಟಿಕೊಂಡು, "ಚಿಕ್ಕವನಿದ್ದಾಗ ಕುರ ಆಗಿತ್ತು ಅತ್ತಿಗೆ" ಅಂದ. ಅತ್ತೆ ಅಲ್ಲೇ ಇದ್ದರು. "ಒಂದು ಸಲ ಅಲ್ಲ ಕಣಮ್ಮ, ಮೂರು ಸಲ. ಅದೇ ಜಾಗದಲ್ಲಿ. ಕೊನೆಗೆ ಕೊಯ್ಸಿ ಕೀವು ತೆಗೆಸಿದ್ವಿ" ಅಂದರು. ಗೆರೆಯ ಪಕ್ಕದಲ್ಲಿ ನೋಡಿದೆ. ಅದೇ ಸೂಜಿಮೊನೆ ಚುಕ್ಕಿ ಇನ್ನೂ ಅಲ್ಲೇ ಇತ್ತು.

ಮೂವತ್ತು ವರ್ಷ ಅದನ್ನು ಎಲ್ಲರೂ ಕುರ ಅಂತಲೇ ಕರೆದಿದ್ದರು. ಹಾಗಾಗಿ "ಯಾರಿಗಾದರೂ ಇಂಥ ತೂತು ಇದೆಯಾ" ಅಂತ ಮಾತ್ರ ಕೇಳಿದರೆ ಸಾಲದು. ಹೀಗೆ ಕೇಳಿ: ಕಿವಿ ಹತ್ತಿರ ಪದೇ ಪದೇ ಕುರ ಆದವರು ಇದ್ದಾರಾ? ಚಿಕ್ಕ ವಯಸ್ಸಿಗೇ ಕಿವಿ ಮಂದವಾದವರು, ಮಾತು ಬಾರದವರು ಇದ್ದಾರಾ? ಕಿಡ್ನಿ ತೊಂದರೆ ಇದ್ದವರು ಯಾರು? ಸೋದರತ್ತೆ, ದೊಡ್ಡಪ್ಪ, ಅಜ್ಜನ ಕಡೆಯವರು ಎಲ್ಲರನ್ನೂ ನೆನಪು ಮಾಡಿಸಿ. ಹಿರಿಯರನ್ನು ಎದುರು ಕೂರಿಸಿಕೊಂಡು ಕೇಳಬೇಕು, ಫೋನಿನಲ್ಲಿ ಕೇಳಿದರೆ "ಯಾರಿಗೂ ಇಲ್ಲ ಬಿಡು" ಅಂದುಬಿಡುತ್ತಾರೆ. ಸಿಕ್ಕಿದ್ದನ್ನು ಬರೆದು ಡಾಕ್ಟರಿಗೆ ಕೊಡಿ.

ಕಿವಿ ಪರೀಕ್ಷೆ ಮಾತ್ರ ಬಿಡಬೇಡಿ

ಈ ತೂತಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಆದರೂ ಪರೀಕ್ಷೆ ಮಾಡಿಸಲೇಬೇಕು. ಮೊದಲು ತೋರಿಸಿದ ಕಡೆ, "ಏನಿಲ್ಲ, ಹೋಗಿ, ದೊಡ್ಡವಳಾದ ಮೇಲೆ ನೋಡೋಣ" ಅಂದಿದ್ದರು. ತೂತಿನ ಬಗ್ಗೆ ಆ ಮಾತು ಸರಿ. ಕೇಳಿಸುವುದರ ಬಗ್ಗೆ ಸರಿಯಲ್ಲ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಅನುಮಾನ ಇದ್ದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ತೊಂದರೆ ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರು. ಇದು ಎಲ್ಲ ಮಕ್ಕಳಿಗೂ ಇರುವ ಲೆಕ್ಕ, ತೂತಿರಲಿ ಬಿಡಲಿ.

ನಾವು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮೈಸೂರಿನ ಕಡೆ ಆಯಿಷ್ ಅಂದರೆ ಆಟೋದವರಿಗೂ ಗೊತ್ತು. ಮೊದಲ ಪರೀಕ್ಷೆಯ ಹೆಸರು ಓಎಇ. ಮೆತ್ತನೆಯ ಸಣ್ಣ ತುದಿಯನ್ನು ಕಿವಿಗೆ ಇಡುತ್ತಾರೆ. ಅದು ಸಣ್ಣ ಶಬ್ದ ಮಾಡುತ್ತದೆ, ಒಳಗಿವಿಯಿಂದ ಬರುವ ಮಾರ್ದನಿಯನ್ನು ಹಿಡಿಯುತ್ತದೆ. ನೋವಿಲ್ಲ, ಚುಚ್ಚುವುದಿಲ್ಲ, ಕೆಲವೇ ನಿಮಿಷ. ಆದರೆ ಮಗು ಅಲುಗದೆ, ಅಳದೆ ಇರಬೇಕು. ಅದಕ್ಕೆ ಉಪಾಯ: ಮನೆಯಿಂದ ಹೊರಡುವಾಗ ಹೊಟ್ಟೆ ತುಂಬಾ ಹಾಲು ಕೊಡಬೇಡಿ. ಅಲ್ಲಿ ನಿಮ್ಮ ಸರದಿ ಹತ್ತಿರ ಬಂದಾಗ ಕೊಡಿ. ಹಾಲು ಕುಡಿದು ಹಾಗೇ ಮಡಿಲಲ್ಲಿ ನಿದ್ದೆ ಹೋದ ಮಗುವಿಗೆ ಪರೀಕ್ಷೆ ಆದದ್ದೇ ಗೊತ್ತಾಗುವುದಿಲ್ಲ.

ಎಡಗಿವಿ ಪಾಸ್ ಬಂತು. ಬಲಗಿವಿಗೆ "ರೆಫರ್" ಅಂತ ಬಂತು. ಆ ಪದ ನೋಡಿ ನನ್ನ ಕೈಕಾಲು ತಣ್ಣಗಾದವು. ಪರೀಕ್ಷೆ ಮಾಡಿದ ಹುಡುಗಿ ನನ್ನ ಮುಖ ನೋಡಿಯೇ ಹೇಳಿದಳು: "ಅಕ್ಕ, ರೆಫರ್ ಅಂದ್ರೆ ಕಿವುಡು ಅಂತಲ್ಲ. ಇನ್ನೊಂದು ಸಲ ನೋಡ್ಬೇಕು ಅಂತ." ಹೊಸ ಮಕ್ಕಳ ಕಿವಿಯಲ್ಲಿ ನೀರು, ಜಿಡ್ಡು ಇದ್ದರೂ ಹೀಗೆ ಬರುತ್ತದಂತೆ. ಎರಡು ವಾರ ಬಿಟ್ಟು ಮತ್ತೆ ಹೋದೆವು. ಎರಡೂ ಪಾಸ್. ಆಗಲೂ ಬರದಿದ್ದರೆ ಬೇರಾ ಅನ್ನುವ ಇನ್ನೊಂದು ಪರೀಕ್ಷೆ ಮಾಡುತ್ತಿದ್ದರು, ಹಣೆಗೆ, ಕಿವಿ ಹಿಂದೆ ಪಟ್ಟಿ ಅಂಟಿಸಿ ಮಗು ಮಲಗಿರುವಾಗ ಮಾಡುವಂಥದ್ದು. ಪಾಸ್ ಆದ ಮೇಲೂ ನಾನು ಕಿವಿ ಕೊಟ್ಟು ನೋಡುತ್ತಲೇ ಇದ್ದೆ: ಕುಕ್ಕರ್ ಕೂಗಿದರೆ ಬೆಚ್ಚುತ್ತಾಳಾ, ಹಿಂದಿನಿಂದ ಕರೆದರೆ ತಿರುಗುತ್ತಾಳಾ, ತೊದಲು ಶುರುವಾಯಿತಾ.

ಕಿಡ್ನಿ ಸ್ಕ್ಯಾನ್ ಎಲ್ಲರಿಗೂ ಬೇಕಾಗುವುದಿಲ್ಲ. ಬೇರೆ ಅಂಗದಲ್ಲೂ ವ್ಯತ್ಯಾಸ ಇದ್ದರೆ, ಮನೆತನದಲ್ಲಿ ಕಿವುಡು ಇಲ್ಲವೇ ಕಿಡ್ನಿ ತೊಂದರೆ ಇದ್ದರೆ, ತಾಯಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರು ಬರೆದುಕೊಡುತ್ತಾರೆ. ನಮಗೆ ಇವು ಯಾವುದೂ ಇರಲಿಲ್ಲ, ಬೇಡ ಅಂದರು. ನಿಮಗೆ ಬರೆದುಕೊಟ್ಟರೆ ಯಾಕೆ ಅಂತ ಕೇಳಿ ತಿಳಿದುಕೊಂಡು ಮಾಡಿಸಿ. ಅದೂ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನ್ ಅಷ್ಟೇ.

ಮುಟ್ಟಬೇಡಿ, ಹಿಚುಕಬೇಡಿ

ತೂತಿನಿಂದ ಕೆಲವೊಮ್ಮೆ ಬಿಳಿ ಜಿಡ್ಡು ಒಂದಿಷ್ಟು ಬರುತ್ತದೆ. ಅದು ಕೀವಲ್ಲ, ಒಳಗಿನ ಚರ್ಮ ಉದುರಿದ್ದು. ಮೆತ್ತನೆ ಬಟ್ಟೆಯಿಂದ ಹೊರಗಡೆ ಒರೆಸಿ, ಬಿಟ್ಟುಬಿಡಿ. ಹಿಚುಕಿ ತೆಗೆಯಲು ಹೋದರೆ ಒಳಗಿನದ್ದು ಇನ್ನೂ ಒಳಕ್ಕೆ ಹೋಗುತ್ತದೆ, ಸೋಂಕು ಶುರುವಾಗುವುದು ಹೀಗೇ. ಕಿವಿಕಡ್ಡಿ, ಪಿನ್ನು, ಅರಿಶಿನ, ಎದೆಹಾಲು, ಬೆಳ್ಳುಳ್ಳಿ ಎಣ್ಣೆ ಯಾವುದೂ ಒಳಗೆ ಹೋಗಬಾರದು.

ನಮ್ಮ ಬಾಣಂತನದಲ್ಲಿ ಇದು ಸುಲಭವಲ್ಲ. ಎಣ್ಣೆ ನೀರು, ಕಡಲೆಹಿಟ್ಟು ಎಲ್ಲ ಇರುತ್ತದೆ. ನಾನು ಅಜ್ಜಿಗೆ ಬೆರಳಿಟ್ಟು ತೋರಿಸಿ, "ಇಲ್ಲಿಂದ ಇಲ್ಲಿವರೆಗೆ ಎಣ್ಣೆ ಬೇಡ ಅಜ್ಜಿ, ಹಿಟ್ಟೂ ಬೇಡ" ಅಂತ ಹೇಳಿದೆ. ಮೊದಲ ದಿನ ಗೊಣಗಿದರು, ಎರಡನೇ ದಿನದಿಂದ ಅವರೇ ಎಡಗೈ ಬೆರಳಿನಿಂದ ಆ ಜಾಗ ಮುಚ್ಚಿಕೊಂಡು ಎಣ್ಣೆ ಹಚ್ಚುತ್ತಿದ್ದರು. ನೀರು ಹಾಕಿದ ಮೇಲೆ ಒತ್ತಿ ಒಣಗಿಸುವುದು ನನ್ನ ಕೆಲಸ, ಉಜ್ಜುವುದಲ್ಲ.

ನಾಮಕರಣದ ದಿನ ಇನ್ನೊಂದು ಆಯಿತು. ಬಂದವರು ನೋಡಿ ಏನಾದರೂ ಅಂದಾರು ಅಂತ ಅಮ್ಮ ದೃಷ್ಟಿಬೊಟ್ಟನ್ನು ಕೆನ್ನೆಗೆ ಇಡುವ ಬದಲು ಸರಿಯಾಗಿ ಆ ತೂತಿನ ಮೇಲೆ ಇಟ್ಟಿದ್ದಳು. ಕಾಡಿಗೆ ಒಳಗೆ ಇಳಿದಿತ್ತು. ಸಂಜೆ ಒದ್ದೆ ಹತ್ತಿಯಿಂದ ಹೊರಗಿನದ್ದನ್ನು ಮಾತ್ರ ಒರೆಸಿದೆ. ಮೂರು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಮುಚ್ಚಿಡುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಮೇಲೆ ಏನನ್ನೂ ಹಚ್ಚಬೇಡಿ. ಕೇಳಿದವರಿಗೆ "ಹುಟ್ಟಿನಿಂದ ಇದೆ, ಡಾಕ್ಟರಿಗೆ ತೋರಿಸಿದ್ದೀವಿ" ಅಂದರೆ ಸಾಕು.

ಆ ಜಾಗ ಕೆಂಪಾದರೆ, ಊದಿದರೆ, ಮುಟ್ಟಿದರೆ ಮಗು ಅತ್ತರೆ, ವಾಸನೆಯ ನೀರು ಅಥವಾ ಕೀವು ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಕಾರಣ ಯಾವುದೇ ಇರಲಿ, ಬೆಳಗಾಗಲಿ ಅಂತ ಕಾಯಬೇಡಿ. ಒಂದೇ ಜಾಗದಲ್ಲಿ ಪದೇ ಪದೇ ಸೋಂಕು ಆದರೆ ಆಗ ಆಪರೇಷನ್ ಮಾತು. ಸೋಂಕು ಪೂರ್ತಿ ಇಳಿದ ಮೇಲೆ, ಆ ಓಣಿಯನ್ನು ಬುಡಸಮೇತ ತೆಗೆಯುತ್ತಾರೆ. ಚೂರು ಉಳಿದರೂ ಮತ್ತೆ ಬರುತ್ತದೆ. ಮೈದುನನಿಗೆ ಆಗ ಬರೀ ಕೀವು ತೆಗೆದಿದ್ದರು, ಓಣಿ ಹಾಗೇ ಉಳಿದಿದೆ. ಈಗ ಅವನಿಗೂ ಕಿವಿ ಮೂಗು ಗಂಟಲಿನ ಡಾಕ್ಟರನ್ನು ಕಾಣಲು ಹೇಳಿದ್ದೇನೆ. ತೊಂದರೆಯೇ ಕೊಡದ ತೂತನ್ನು ಸುಮ್ನೆ ಕೊಯ್ಸುವುದು ಬೇಡ.

ಬೇರೆ ಏನಾದರೂ ಕಂಡಿದ್ದರೆ

ಕುಂಡಿಯ ಮೇಲೆ, ಸೊಂಟದ ಹತ್ತಿರ ನೀಲಿ ಮಚ್ಚೆ ನಮ್ಮ ಮಕ್ಕಳಲ್ಲಿ ಬಹಳ ಸಾಮಾನ್ಯ. ಏಟು ಬಿದ್ದದ್ದಲ್ಲ, ಕೆಲವು ವರ್ಷಗಳಲ್ಲಿ ಮಾಸುತ್ತದೆ. ಹೊಕ್ಕುಳು ಉಬ್ಬಿದ್ದರೆ ಹೆಚ್ಚಿನವು ನಾಲ್ಕೈದು ವರ್ಷದೊಳಗೆ ತಾವೇ ಒಳಗೆ ಹೋಗುತ್ತವೆ, ನಾಣ್ಯ ಇಟ್ಟು ಬಟ್ಟೆ ಕಟ್ಟಬೇಡಿ. ಉಬ್ಬು ಗಟ್ಟಿಯಾಗಿ, ಬಣ್ಣ ಬದಲಾಗಿ, ಮಗು ವಾಂತಿ ಮಾಡಿದರೆ ಮಾತ್ರ ಓಡಿ. ಕೆಂಪು ಉಬ್ಬು ಮಚ್ಚೆ ಮೊದಲ ತಿಂಗಳುಗಳಲ್ಲಿ ಬೆಳೆದು ಆಮೇಲೆ ಇಳಿಯುತ್ತದೆ, ಆದರೆ ಕಣ್ಣು, ಬಾಯಿ ಹತ್ತಿರ ಇದ್ದರೆ ಬೇಗ ತೋರಿಸಿ. ಬೆನ್ನಿನ ಕೆಳಗೆ ಗುಳಿ ಇದ್ದು, ಅದು ಆಳವಾಗಿದ್ದರೆ, ಸ್ವಲ್ಪ ಮೇಲಿದ್ದರೆ, ಅಲ್ಲಿ ಕೂದಲ ಗೊಂಚಲು ಅಥವಾ ಊತ ಇದ್ದರೆ ಬೆನ್ನುಹುರಿಯ ಸ್ಕ್ಯಾನ್ ಕೇಳಿ. ಪಾದ ಒಳಕ್ಕೆ ತಿರುಗಿ, ಕೈಯಿಂದ ನೇರ ಮಾಡಿದರೂ ಆಗದಿದ್ದರೆ ಮೊದಲ ವಾರಗಳಲ್ಲೇ ಡಾಕ್ಟರ ಹತ್ತಿರ ಪ್ಲಾಸ್ಟರ್ ಹಾಕಿಸಿದಷ್ಟೂ ಒಳ್ಳೆಯದು. ಕಾಯಲೇಬಾರದ ಒಂದು ಇದೆ. ಕಣ್ಣಿನ ಕಪ್ಪು ಬೊಂಬೆ ಬೆಳ್ಳಗೆ ಕಂಡರೆ, ಫೋಟೋದಲ್ಲಿ ಒಂದು ಕಣ್ಣು ಬಿಳಿಯಾಗಿ ಹೊಳೆದರೆ, ಅಂದೇ ಕಣ್ಣಿನ ಡಾಕ್ಟರು.

ಎಲ್ಲಿಗೆ ಹೋಗುವುದು, ಎಷ್ಟು ಖರ್ಚೋ ಅಂತ ಸುಮ್ಮನಾಗಬೇಡಿ. ಆಶಾ ಕಾರ್ಯಕರ್ತೆ 42 ದಿನದೊಳಗೆ ಮನೆಗೆ ಹಲವು ಸಲ ಬರುತ್ತಾರೆ, ಮೊದಲು ಅವರಿಗೇ ಬಟ್ಟೆ ಬಿಚ್ಚಿ ತೋರಿಸಿ. 2013ರಿಂದ ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಯೋಜನೆ ಇದೆ. ಹುಟ್ಟಿನಿಂದ 18 ವರ್ಷದವರೆಗೆ ಉಚಿತ ತಪಾಸಣೆ. ಸೀಳುತುಟಿ, ತಿರುಚಿದ ಪಾದ, ಹುಟ್ಟು ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆ ಎಲ್ಲ ಅದರಲ್ಲಿ ಬರುತ್ತವೆ. ಅವರ ತಂಡ ಅಂಗನವಾಡಿಗೂ ವರ್ಷಕ್ಕೆ ಎರಡು ಸಲ ಬರುತ್ತದೆ.

ಕಿವಿ ಚುಚ್ಚಿಸುವ ಹೊತ್ತಿಗೆ ನನಗೆ ಮತ್ತೆ ಅಳುಕು ಬಂತು. ಡಾಕ್ಟರು, ಹಾಲೆಗೂ ಆ ತೂತಿಗೂ ದೂರವಿದೆ, ಚುಚ್ಚಿಸಿ, ಆದರೆ ಮೇಲೆ ಮಾತ್ರ ಬೇಡ ಅಂದರು. ಅಕ್ಕಸಾಲಿಗರಿಗೆ ಮೊದಲೇ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು, ಮಗುವಿನ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಇದಾ? ಬೇಕಾದಷ್ಟು ಮಕ್ಕಳಿಗೆ ನೋಡಿದ್ದೀನಮ್ಮ" ಅಂದರು. ಪೆನ್ನಿನಿಂದ ಎರಡು ಹಾಲೆಗೂ ಒಂದೊಂದು ಚುಕ್ಕಿ ಇಟ್ಟು, ಸರಿಯಾ ಅಂತ ನನ್ನನ್ನು ಕೇಳಿ, ಆಮೇಲೆ ತಂತಿ ಕೈಗೆ ತೆಗೆದುಕೊಂಡರು.